ವ್ಯಾಲಿ ಫೋರ್ಜಿನ ಕವಾಯತು ಗುರು

1778ರ ಚಳಿಗಾಲ. ಪೆನ್ಸಿಲ್ವೇನಿಯದ ವ್ಯಾಲಿ ಫೋರ್ಜಿನಲ್ಲಿ ಜಾರ್ಜ್ ವಾಷಿಂಗ್ಟನ್ನನ ಸೇನೆ ದಿಮ್ಮಿಯ ಗುಡಿಸಲುಗಳಲ್ಲಿ ಬೀಡುಬಿಟ್ಟಿತ್ತು. ಅನೇಕರಿಗೆ ಕಾಲಿಗೆ ಜೋಡಿಲ್ಲ, ಮೈಗೆ ಅರಿವೆಯಿಲ್ಲ. ಆ ಶಿಬಿರದ ತಿಂಗಳುಗಳಲ್ಲಿ ರೋಗಕ್ಕೆ ಬಲಿಯಾದವರೇ ಸುಮಾರು 2,000 ಮಂದಿ. ಫೆಬ್ರವರಿ 23ರಂದು ಅಲ್ಲಿಗೆ ಇಂಗ್ಲಿಷ್ ಬಾರದ ಒಬ್ಬ ಜರ್ಮನ್ ಅಧಿಕಾರಿ ಬಂದನು. ಅವನೇ ಬ್ಯಾರನ್ ಫಾನ್ ಸ್ಟಾಯ್ಬೆನ್.

1730ರಲ್ಲಿ ಮ್ಯಾಗ್ಡೆಬರ್ಗಿನಲ್ಲಿ ಹುಟ್ಟಿದ ಈತ ಪ್ರಷ್ಯದ ಫ್ರೆಡರಿಕ್ ಮಹಾರಾಜನ ಸೇನೆಯಲ್ಲಿ ಬೆಳೆದವನು. ಏಳು ವರ್ಷಗಳ ಯುದ್ಧ ಮುಗಿದ 1763ರಲ್ಲಿ ಕ್ಯಾಪ್ಟನ್ ಪದವಿಯಲ್ಲಿಯೇ ಸೇವೆಯಿಂದ ಹೊರಬಿದ್ದನು. ಮುಂದೆ ಒಂದು ಪುಟ್ಟ ಸಂಸ್ಥಾನದಲ್ಲಿ ಅರಮನೆಯ ಅಧಿಕಾರಿಯಾದನು. ಸಾಲ ಬೆಳೆಯಿತು, ಕೀರ್ತಿ ಬೆಳೆಯಲಿಲ್ಲ.

ಆಗ ಫ್ರಾನ್ಸು ಇಂಗ್ಲೆಂಡಿನ ವಿರುದ್ಧ ಅಮೆರಿಕನ್ನರಿಗೆ ಗುಟ್ಟಾಗಿ ನೆರವು ನೀಡುತ್ತಿತ್ತು. ಕೋವಿ, ಮದ್ದುಗುಂಡುಗಳಷ್ಟೇ ಸಾಲವು, ಅವನ್ನು ಬಳಸಲು ಕಲಿಸುವವರೂ ಬೇಕೆಂಬುದನ್ನು ಅಲ್ಲಿಯ ಯುದ್ಧಮಂತ್ರಿ ಸೇಂಟ್ ಜರ್ಮೇನ್ ಬಲ್ಲವನಾಗಿದ್ದನು. 1777ರಲ್ಲಿ ಅವನ ಮೆಚ್ಚುಗೆ ಪಡೆದ ಸ್ಟಾಯ್ಬೆನ್ನನನ್ನು ಪ್ಯಾರಿಸಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ವಾಷಿಂಗ್ಟನ್ನನ ಬಳಿಗೆ ಕಳುಹಿಸಿದನು. ಆದರೆ ಪರಿಚಯಪತ್ರದಲ್ಲಿ ಕ್ಯಾಪ್ಟನ್ನನು ಲೆಫ್ಟಿನೆಂಟ್ ಜನರಲ್ ಆಗಿಬಿಟ್ಟಿದ್ದನು!

ಪದವಿ ಸುಳ್ಳಾಗಿತ್ತು; ವಿದ್ಯೆ ಸುಳ್ಳಾಗಿರಲಿಲ್ಲ. ಸುಮಾರು ನೂರು ಜನರ ಒಂದು ಮಾದರಿ ತುಕಡಿಯನ್ನು ಆರಿಸಿಕೊಂಡು, ತಾನೇ ಕೋವಿ ಹಿಡಿದು ಕಲಿಸತೊಡಗಿದನು. ಕವಾಯತನ್ನು ಕೆಳಗಿನ ಸಾರ್ಜೆಂಟರಿಗೆ ಬಿಡುವುದೇ ಇಂಗ್ಲಿಷ್ ಪದ್ಧತಿಯಾಗಿದ್ದ ಆ ಕಾಲಕ್ಕೆ ಇದು ಹೊಸ ನೋಟ. ಅವನು ಫ್ರೆಂಚಿನಲ್ಲಿ ಬರೆದ ಪಾಠಗಳು ರಾತ್ರಿಯೊಳಗೆ ಇಂಗ್ಲಿಷಾಗುತ್ತಿದ್ದವು. ಬೈಗುಳಕ್ಕೂ ದುಭಾಷಿಯೇ ಗತಿ! ಕಲಿತ ನೂರು ಮಂದಿ ಇತರರಿಗೆ ಕಲಿಸಿದರು. ಅಡುಗೆಯ ತಾಣವನ್ನೂ ಶೌಚದ ತಾಣವನ್ನೂ ಬೇರೆ ಬೇರೆ ದಿಕ್ಕಿಗಿಡಿಸಿ ಶಿಬಿರದ ನೈರ್ಮಲ್ಯವನ್ನೂ ತಿದ್ದಿದನು. ಸ್ವತಂತ್ರ ಮನಸ್ಸಿನ ಈ ರೈತಸೈನಿಕರಿಗೆ ಆಜ್ಞೆಯೊಂದೇ ಸಾಲದು, ಅದರ ಕಾರಣವನ್ನೂ ತಿಳಿಸಬೇಕೆಂಬುದನ್ನು ಪ್ರಷ್ಯದ ಶಿಸ್ತಿನಲ್ಲಿ ಬೆಳೆದ ಗುರುವೇ ಇಲ್ಲಿ ಕಲಿಯಬೇಕಾಯಿತು.

ಫೆಬ್ರವರಿ 6ರಂದು ಪ್ಯಾರಿಸಿನಲ್ಲಿ ಮೈತ್ರಿಯ ಒಪ್ಪಂದವಾಗಿತ್ತು. ಆ ಸುದ್ದಿ ಮುಟ್ಟಿ, ಮೇ 6ರಂದು ಶಿಬಿರದಲ್ಲಿ ಉತ್ಸವ ನಡೆದಾಗ ಸೇನೆ ಹೆಜ್ಜೆ ತಪ್ಪದೆ ಸಾಗಿತು. ಜೂನ್ 28ರ ಮನ್ಮತ್ ಕದನದಲ್ಲಿ ಹಿಮ್ಮೆಟ್ಟುತ್ತಿದ್ದ ದಳಗಳು ಗುಂಡಿನ ಮಳೆಯಲ್ಲಿಯೂ ಮತ್ತೆ ಸಾಲುಗಟ್ಟಿ ನಿಂತವು. 1779ರಲ್ಲಿ ಅವನ ಪಾಠಗಳು ಸೇನೆಯ ಅಧಿಕೃತ ಕೈಪಿಡಿಯಾದವು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಫ್ರೆಂಚರ ಪಕ್ಕದಲ್ಲಿಯೇ ಅವನು ಒಂದು ವಿಭಾಗವನ್ನು ನಡೆಸಿದನು. ಅದೇ ಫ್ರಾನ್ಸು 1782ರಲ್ಲಿ ಮೈಸೂರಿನ ಹೈದರಾಲಿಗೆ ನೆರವಾಗಲು ಕೋರಮಂಡಲ ತೀರದಲ್ಲಿ ಪಡೆಯನ್ನಿಳಿಸಿತೆಂಬುದು ನಾವು ನೆನೆಯಬೇಕಾದ ಸಂಗತಿ.

ಯುದ್ಧ ಮುಗಿದ ಮೇಲೆ ಸಾಲದ ಬಾಧೆ ಮರಳಿತು. ಕಾಂಗ್ರೆಸ್ಸು ವರ್ಷಕ್ಕೆ 2,500 ಡಾಲರುಗಳ ವೇತನವನ್ನು ಗೊತ್ತುಮಾಡಿದುದು 1790ರಲ್ಲಿ. 1794ರ ನವೆಂಬರ್ 28ರಂದು ನ್ಯೂಯಾರ್ಕ್ ಪ್ರಾಂತದ ತನ್ನ ಜಮೀನಿನಲ್ಲಿ ಅವನು ತೀರಿಕೊಂಡನು. ಇಲ್ಲದ ಪದವಿಯನ್ನು ಹೊತ್ತು ಬಂದವನು, ಅದಕ್ಕೆ ತಕ್ಕ ಕೆಲಸವನ್ನು ಮಾಡಿ ಹೋದನು.