ಒಡಿಕತ್ತಿ, ಕೋವಿ, ಕಾಡು: ದೊಡ್ಡವೀರರಾಜೇಂದ್ರ ಉಳಿದ ಬಗೆ

ಮಡಿಕೇರಿ: 1788ರ ಡಿಸೆಂಬರ್‌ನಲ್ಲಿ ಪಿರಿಯಾಪಟ್ಟಣದ ಕೋಟೆಯಿಂದ ತಪ್ಪಿಸಿಕೊಂಡು ಕೊಡಗಿನ ಕಾಡು ಸೇರಿದ ಅರಸುಮಗನ ಬಳಿ ಸೈನ್ಯವಿರಲಿಲ್ಲ, ಬೊಕ್ಕಸವಿರಲಿಲ್ಲ, ಫಿರಂಗಿಯ ಮಾತಂತೂ ದೂರವೇ ಉಳಿಯಿತು. ಜತೆಯಲ್ಲಿದ್ದವರು ಸೋದರರಾದ ಲಿಂಗರಾಜ ಮತ್ತು ಅಪ್ಪಾಜಿ, ಹಾಗೂ ಮನೆಯ ಹೆಂಗಸರು. ಪೂರ್ವಿಕರು ಕಟ್ಟಿದ ಮಡಿಕೇರಿಯ ಕೋಟೆಯಲ್ಲಿ ಮೈಸೂರಿನ ಪಡೆ ಬೀಡುಬಿಟ್ಟಿತ್ತು. ಹೀಗೆ ಬರಿಗೈಯಲ್ಲಿ ಬಂದವನು ಕೆಲವೇ ವರ್ಷಗಳಲ್ಲಿ ಅದೇ ಕೋಟೆಯನ್ನು ಮರಳಿ ಪಡೆದ. ಹಾಲೇರಿ ವಂಶದ ದೊಡ್ಡವೀರರಾಜೇಂದ್ರನ ಈ ಗೆಲುವಿಗೆ ಶೌರ್ಯವೊಂದೇ ಕಾರಣವೆಂದರೆ ಅರ್ಧ ಕಥೆ ಹೇಳಿದಂತೆ. ಯಾವ ನೆಲದಲ್ಲಿ ಯಾವ ಆಯುಧ ಕೈಹಿಡಿಯುತ್ತದೆ, ಯಾವುದು ಕೈಕೊಡುತ್ತದೆ ಎಂಬ ಲೆಕ್ಕಾಚಾರ ಅವನಿಗೆ ಚೆನ್ನಾಗಿ ತಿಳಿದಿತ್ತು.

ಆತ ಸೆರೆಯಾದದ್ದು ಯುದ್ಧದಲ್ಲಲ್ಲ. 1780ರಲ್ಲಿ ತಂದೆ ಲಿಂಗರಾಜ ತೀರಿಕೊಂಡಾಗ ಮಕ್ಕಳಿನ್ನೂ ಚಿಕ್ಕವರು. ಅವರು ವಯಸ್ಸಿಗೆ ಬರುವವರೆಗೆ ರಾಜ್ಯವನ್ನು ತಾನೇ ನೋಡಿಕೊಳ್ಳುವುದಾಗಿ ಹೈದರಾಲಿ ಆಡಳಿತವನ್ನು ಕೈಗೆ ತೆಗೆದುಕೊಂಡ. ರಾಜಕುಟುಂಬವನ್ನು ಹಾಸನದ ಕಡೆಯ ಗೊರೂರಿಗೆ ಕಳುಹಿಸಲಾಯಿತು. ಕೊಡಗು ದಂಗೆಯೆದ್ದಿತು. ಹೈದರನ ನಂತರ ಟಿಪ್ಪು ಸುಲ್ತಾನ ಕುಟುಂಬವನ್ನು ಪಿರಿಯಾಪಟ್ಟಣಕ್ಕೆ ಸ್ಥಳಾಂತರಿಸಿದ. ಮಡಿಕೇರಿಯ ಮಣ್ಣಿನ ಕೋಟೆಗೆ ಕಲ್ಲಿನ ಗೋಡೆ ಎದ್ದದ್ದು, ಊರಿಗೆ ಜಾಫರಾಬಾದ್ ಎಂಬ ಹೆಸರು ಬಂದದ್ದು ಆತನ ಕಾಲದಲ್ಲಿಯೇ. ದಂಗೆಯನ್ನು ಹತ್ತಿಕ್ಕಲು 1785ರಲ್ಲಿ ಸ್ವತಃ ಬಂದ ಟಿಪ್ಪು, ಕೊಡಗಿನ ಜನರನ್ನು ದೊಡ್ಡ ಸಂಖ್ಯೆಯಲ್ಲಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ.

ಹಾಗಾಗಿ ದೊಡ್ಡವೀರರಾಜೇಂದ್ರ ತಪ್ಪಿಸಿಕೊಂಡು ಬಂದಾಗ ಸಿಕ್ಕಿದ್ದು ಅರ್ಧ ಬರಿದಾದ ನಾಡು. ಆದರೆ ಸಮಯ ಆತನ ಪರವಾಗಿತ್ತು. ಡಿಸೆಂಬರ್ ಎಂದರೆ ಕೊಡಗಿನಲ್ಲಿ ಭತ್ತದ ಕೊಯ್ಲಿನ ಕಾಲ. ಹೊಳೆಗಳು ಇಳಿದಿರುತ್ತವೆ, ಕಾಡುದಾರಿ ನಡೆಯಲು ಬರುತ್ತದೆ, ಮನೆಗಳಲ್ಲಿ ಹೊಸ ಅಕ್ಕಿ ಇರುತ್ತದೆ. ಆರು ತಿಂಗಳು ತಡವಾಗಿ ಹೊರಟಿದ್ದರೆ ಕಾವೇರಿಯ ನೆರೆ ಮತ್ತು ಜಿಗಣೆಗಳೇ ಅರ್ಧ ಕೆಲಸ ಮುಗಿಸುತ್ತಿದ್ದವು. ಕುಟುಂಬವನ್ನು ಆತ ದಕ್ಷಿಣ ಕೊಡಗಿನ ಕಿಗ್ಗಟ್ಟುನಾಡಿನ ಕುರ್ಚಿಯಲ್ಲಿ, ಬ್ರಹ್ಮಗಿರಿಯ ಮಗ್ಗುಲಲ್ಲಿ ಇರಿಸಿದ. ಮಡಿಕೇರಿಯ ಕೋಟೆಯಿಂದ ದೂರ, ವಯನಾಡು ಮತ್ತು ಮಲಬಾರಿಗೆ ಹತ್ತಿರ.

ಆತನ ಸುತ್ತ ಸೇರಿದ ಜನರ ಕೈಯಲ್ಲಿದ್ದ ಮೊದಲ ಆಯುಧ ಒಡಿಕತ್ತಿ. ಗಿಡ್ಡನೆಯ, ಅಗಲ ಅಲಗಿನ, ತುದಿಯ ಕಡೆಗೆ ತೂಕ ಹೆಚ್ಚಿರುವ ಬಾಗಿದ ಕತ್ತಿ ಇದು. ಬಯಲಿನಲ್ಲಿ ಕುದುರೆಯ ಮೇಲಿಂದ ಬೀಸುವ ಉದ್ದ ಖಡ್ಗದ ಮುಂದೆ ಇದು ಆಟಿಕೆಯಂತೆ ಕಾಣಬಹುದು. ಆದರೆ ಬಿದಿರಿನ ಮೆಳೆಗಳ ನಡುವೆ ಉದ್ದ ಖಡ್ಗವನ್ನು ಬೀಸಲು ಜಾಗವೇ ಇರುವುದಿಲ್ಲ. ಕೊಂಬೆಗೆ ಸಿಕ್ಕಿ ನಿಂತುಬಿಡುತ್ತದೆ. ಒಡಿಕತ್ತಿಗೆ ಮೊಣಕೈಯಷ್ಟು ಅವಕಾಶ ಸಾಕು. ಅದಕ್ಕೆ ಒರೆಯಿಲ್ಲ. ಸೊಂಟದ ಹಿಂಬದಿಯಲ್ಲಿ ತೊಡಂಗ್ ಎಂಬ ಲೋಹದ ಕೊಂಡಿಗೆ ಸಿಕ್ಕಿಸಿಕೊಂಡರೆ ಏರು ಹತ್ತುವಾಗ ಎರಡೂ ಕೈ ಖಾಲಿ. ಮುಂಭಾಗದಲ್ಲಿ, ಚೇಲೆಯೆಂಬ ನಡುಪಟ್ಟಿಯಲ್ಲಿ ಇರುವ ಪೀಚೆಕತ್ತಿ ಕೈಗೆ ಕೈ ಹತ್ತಿದಾಗಿನ ಕೊನೆಯ ಆಸರೆ. ಇಂದು ಕೊಡವರ ಮದುವೆಗಳಲ್ಲಿ ಬೆಳ್ಳಿಯ ಒರೆಯಲ್ಲಿ ಹೊಳೆಯುವ ಪೀಚೆಕತ್ತಿಯನ್ನೂ ಬಾಳೆ ಕಡಿಯುವ ಒಡಿಕತ್ತಿಯನ್ನೂ ನೋಡಿದವರಿಗೆ ಅವು ಒಡವೆಯಂತೆ ತೋರುವುದು ಸಹಜ. ಅಂದು ಅವು ಹೊಟ್ಟೆಪಾಡಿನ ಮತ್ತು ಪ್ರಾಣದ ಸಾಮಾನುಗಳು.

ಕೋವಿಯ ವಿಷಯ ಬೇರೆ. ಆ ಕಾಲದ ಬತ್ತಿಕೋವಿಗೆ ಉರಿಯುವ ಬತ್ತಿ ಬೇಕು, ಒಣಗಿದ ಮದ್ದು ಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿಯಂತಹ ಕಡೆ ಇವೆರಡನ್ನೂ ಕಾಪಾಡಿಕೊಳ್ಳುವುದೇ ದೊಡ್ಡ ಪಾಡು. ಚಕಮಕಿಕಲ್ಲಿನ ಕೋವಿ ಇದಕ್ಕಿಂತ ವಾಸಿಯಾದರೂ ಮಳೆಯಲ್ಲಿ ಅದೂ ನಂಬಿಕೆಗೆ ಅರ್ಹವಲ್ಲ. ಆದರೆ ಬೇಸಿಗೆಯಲ್ಲಿ, ಘಟ್ಟದ ತಿರುವಿನಲ್ಲಿ, ಮರೆಯಲ್ಲಿ ಕುಳಿತವನ ಕೈಯಲ್ಲಿ ಕೋವಿಗೆ ಸಮನಾದದ್ದು ಇನ್ನೊಂದಿರಲಿಲ್ಲ. ಕೊಡಗಿನವರು ಆರಿಸಿಕೊಂಡ ಯುದ್ಧವೂ ಅಂಥದ್ದೇ. ಮಲಬಾರಿಗೆ ಹೋಗಿಬರುವ ಮೈಸೂರಿನ ತುಕಡಿಗಳು ಕಣಿವೆಗೆ ಇಳಿಯುವವರೆಗೆ ಕಾದು, ಅಕ್ಕಿ ಮತ್ತು ಮದ್ದುಗುಂಡು ಹೊತ್ತ ಸಾಲಿನ ಮೇಲೆ ಎರಗಿ, ಮತ್ತೆ ಕಾಡಿನಲ್ಲಿ ಕರಗಿಹೋಗುವುದು. ಶತ್ರುವಿನ ಉಗ್ರಾಣವೇ ಆರಂಭದಲ್ಲಿ ಇವರ ಆಯುಧಶಾಲೆ. ನಾಡಿನುದ್ದಕ್ಕೂ ಹಿಂದಿನವರು ತೋಡಿಟ್ಟಿದ್ದ ಕಡಂಗಗಳೆಂಬ ಆಳವಾದ ಕಂದಕಗಳು ನೆಲಬಲ್ಲವರಿಗೆ ರಕ್ಷಣೆಯ ಗೋಡೆಯಾಗಿದ್ದವು.

ಲೂಟಿಯಿಂದ ಬಂದ ಮದ್ದು ಎಷ್ಟು ದಿನ ಬಂದೀತು? ಈ ಪ್ರಶ್ನೆಯೇ ಆತನನ್ನು ತಲಶ್ಶೇರಿಯ ಇಂಗ್ಲಿಷರ ಬಾಗಿಲಿಗೆ ಒಯ್ದಿತು. ಅಲ್ಲಿನ ಕಂಪೆನಿಯ ಮುಖ್ಯಸ್ಥ ರಾಬರ್ಟ್ ಟೇಲರ್ ಜತೆ 1790ರ ಅಕ್ಟೋಬರ್‌ನಲ್ಲಿ ಒಪ್ಪಂದವಾಯಿತು. ಕಂಪೆನಿಗೆ ಬೇಕಾದದ್ದು ಮೈಸೂರಿಗೆ ಹತ್ತುವ ಘಟ್ಟದ ದಾರಿ, ಸೈನ್ಯಕ್ಕೆ ಅಕ್ಕಿ, ಎಳೆಯಲು ಎತ್ತುಗಳು. ರಾಜನಿಗೆ ಬೇಕಾದದ್ದು ಕೋವಿ, ಮದ್ದು ಮತ್ತು ಬೆನ್ನಿಗೊಬ್ಬರು. ಇಬ್ಬರೂ ತಮ್ಮಲ್ಲಿದ್ದುದನ್ನು ಕೊಟ್ಟರು. ಮುಂದೆ ಇದೇ ಕಂಪೆನಿ 1834ರಲ್ಲಿ ಕೊಡಗನ್ನು ನುಂಗಿತೆಂಬುದು ಗೊತ್ತಿರುವ ನಮಗೆ ಈ ಒಪ್ಪಂದ ಬೇರೆಯಾಗಿ ಕಾಣುತ್ತದೆ. 1790ರಲ್ಲಿ ಕಾಡಿನಲ್ಲಿದ್ದವನಿಗೆ ನಾಳೆಯ ಮದ್ದಿನ ಚಿಂತೆ ದೊಡ್ಡದಾಗಿತ್ತು.

ಕುಶಾಲನಗರ, ಬೇಪುನಾಡು, ಭಾಗಮಂಡಲ - ಒಂದೊಂದಾಗಿ ಮೈಸೂರಿನ ಠಾಣ್ಯಗಳು ಬಿದ್ದವು. ಭಾಗಮಂಡಲದ ಮುತ್ತಿಗೆಯಲ್ಲಿ ರಾಜ ತಾನೇ ಫಿರಂಗಿಯ ಗುರಿ ನೋಡಿದನಂತೆ. ಗುಂಡು ತಗುಲಿ ದೇಗುಲದ ಮಾಡಿನ ಕೆಲವು ತಾಮ್ರದ ಹಂಚುಗಳು ಒಡೆದಾಗ ಅವುಗಳ ಜಾಗಕ್ಕೆ ಬೆಳ್ಳಿಯ ಹಂಚು ಹೊದಿಸಿದನೆಂದು ಕೊಡಗಿನ ಚರಿತ್ರೆಗಳು ಹೇಳುತ್ತವೆ. ಉಳಿದದ್ದು ಮಡಿಕೇರಿ.

ಮಡಿಕೇರಿಯ ಕೋಟೆ ಕತ್ತಿಗೂ ಕೋವಿಗೂ ಜಗ್ಗುವಂಥದ್ದಲ್ಲ. ಅಲ್ಲಿ ಕೆಲಸ ಮಾಡಿದ್ದು ಹಸಿವು. ಕೋಟೆಗೆ ಆಹಾರ ತಲುಪಿಸಲು ಟಿಪ್ಪು ಕಳುಹಿಸಿದ್ದ ಪಡೆಯನ್ನು ಕೊಡಗಿನವರು ದಾರಿಯಲ್ಲೇ ಸುತ್ತುವರಿದರು. ಆ ಪಡೆಯ ನಾಯಕ ಖಾದರ್ ಖಾನ್. ಪಿರಿಯಾಪಟ್ಟಣದ ಸೆರೆಯ ದಿನಗಳಲ್ಲಿ ರಾಜಕುಟುಂಬಕ್ಕೆ ಉಪಕಾರ ಮಾಡಿದ್ದವನು. ಮುಗಿಸಿಬಿಡುವುದು ಸುಲಭವಿತ್ತು. ರಾಜ ಋಣ ನೆನೆದು ಆತನನ್ನು ಬಿಟ್ಟುಕೊಟ್ಟ. ಮಿತ್ರರಾದ ಇಂಗ್ಲಿಷರಿಗೆ ಇದು ಸುಲಭಕ್ಕೆ ಅರ್ಥವಾಗುವ ನಡೆಯಲ್ಲ. ಬಳಿಕ ಕೋಟೆಯೊಳಗೆ ಅನ್ನ ಮುಗಿದು ಕಿಲ್ಲೇದಾರ ಜಾಫರ್ ಅಲಿ ಬೇಗ್ ಶರಣಾದಾಗಲೂ ಪಡೆಗೆ ಜೀವಸಹಿತ ಹೊರಹೋಗಲು ಅವಕಾಶ ದೊರೆಯಿತು. ಆತನ ಇಡೀ ಬದುಕಿನಲ್ಲಿ ಇದಕ್ಕಿಂತ ಎತ್ತರದ ಗಳಿಗೆ ಕಾಣುವುದಿಲ್ಲ.

ಮುಂದಿನ ವರ್ಷಗಳು ಬೇಗ ಉರುಳಿದವು. ಜನರಲ್ ಅಬರ್‌ಕ್ರೋಂಬಿಯ ಬೊಂಬಾಯಿ ಸೈನ್ಯ ಕೊಡಗಿನ ಮೂಲಕ ಮೈಸೂರಿನತ್ತ ಸಾಗಿತು. ಆ ಭೇಟಿಯ ನೆನಪಿಗೆ 1792ರಲ್ಲಿ ವೀರರಾಜಪೇಟೆ ತಲೆಯೆತ್ತಿತು. ಶ್ರೀರಂಗಪಟ್ಟಣದ ಯುದ್ಧದ ಗೊಂದಲದಲ್ಲಿ ಸಾವಿರಾರು ಕೊಡಗಿನ ಬಂದಿಗಳು ತಪ್ಪಿಸಿಕೊಂಡು ಊರಿಗೆ ಮರಳಿದರು. 1799ರ ಮಾರ್ಚ್ 6ರಂದು ಸಿದ್ದೇಶ್ವರದ ಬಳಿ ಟಿಪ್ಪುವಿನ ಸೈನ್ಯ ಎರಗಿದಾಗ ರಾಜ ಇಂಗ್ಲಿಷರ ಜತೆಯಲ್ಲಿದ್ದ. ಹಿಂದಿನ ದಿನ ಬೆಟ್ಟದ ತುದಿಯಿಂದ ಕಂಡ ಹಸಿರು ಡೇರೆಯೇ ಸುಲ್ತಾನನ ಬರವಿನ ಸುಳಿವು ಕೊಟ್ಟಿತ್ತು. ಟಿಪ್ಪುವಿನ ಪತನಾನಂತರ ಕೊಡಗು ಕಂಪೆನಿಗೆ ಸಲ್ಲಿಸುತ್ತಿದ್ದ ಕಪ್ಪದ ಬದಲು ವರ್ಷಕ್ಕೊಂದು ಆನೆ ಕೊಟ್ಟರೆ ಸಾಕೆಂದಾಯಿತು.

ಶತ್ರುವಿಲ್ಲದ ಕಾಲ ಬಂದರೂ ಆತನಿಗೆ ನಿದ್ರೆ ಬಂದಂತಿಲ್ಲ. ಅದರ ಸುಳಿವು 1792ರಲ್ಲಿಯೇ ಕಟ್ಟತೊಡಗಿದ ನಾಲ್ಕುನಾಡು ಅರಮನೆಯಲ್ಲಿದೆ. ಕಕ್ಕಬ್ಬೆಯ ಬಳಿ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ಹತ್ತಿರ ಹೋಗುವವರೆಗೂ ಕಣ್ಣಿಗೆ ಬೀಳದ ಜಾಗ. ಮರದ ಕೆಲಸದ ಎರಡಂತಸ್ತಿನ ಮನೆ, ಕತ್ತಲ ಕೋಣೆಗಳು. ಅರಮನೆಯೆಂಬ ಹೆಸರಿದ್ದರೂ ಅದನ್ನು ಅಡಗುದಾಣವೆಂದರೆ ತಪ್ಪಲ್ಲ. 1796ರಲ್ಲಿ ಮಹದೇವಮ್ಮಾಜಿಯ ಜತೆ ಆತನ ವಿವಾಹ ನಡೆದದ್ದೂ ಇಲ್ಲಿಯೇ.

ಕಾವಲಿಗೆ ಆಫ್ರಿಕಾ ಮೂಲದ ಸಿದ್ದಿಗಳನ್ನು ಇರಿಸಿಕೊಂಡ. ಯಾವ ಜನರ ಒಡಿಕತ್ತಿಯ ಬಲದಿಂದ ಸಿಂಹಾಸನ ಪಡೆದನೋ ಅವರ ಕತ್ತಿಗೇ ಹೆದರತೊಡಗಿದ. ಗಂಡು ಸಂತಾನವಿಲ್ಲದ ಕೊರಗು, 1807ರಲ್ಲಿ ಮಹದೇವಮ್ಮಾಜಿಯ ಸಾವು, ಮಗಳು ದೇವಮ್ಮಾಜಿಗೆ ಪಟ್ಟ ದಕ್ಕೀತೇ ಎಂಬ ಸಂಶಯ, ಎಲ್ಲವೂ ಸೇರಿ ಮನಸ್ಸು ಕದಡಿತು. ಅರಮನೆಯಲ್ಲಿ ನಡೆದ ಕೊಲೆಗಳನ್ನು ಜರ್ಮನ್ ಮಿಷನರಿ ಹರ್ಮನ್ ಮೊಗ್ಲಿಂಗ್ 1855ರ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಕೊಡಗು ಕಂಪೆನಿಯ ವಶವಾದ ಎರಡು ದಶಕಗಳ ಬಳಿಕ ಬರೆದ ಕಥನವಾದ್ದರಿಂದ ಅದನ್ನು ಎಚ್ಚರದಿಂದಲೇ ಓದಬೇಕು. ಆದರೂ ಒಂದು ಪ್ರಸಂಗವನ್ನು ಬಿಡಲಾಗದು. ಸಿಟ್ಟಿನ ಭರದಲ್ಲಿ ಇಬ್ಬರು ಸೋದರರನ್ನೂ ಕೊಲ್ಲಲು ಆಜ್ಞೆಯಿತ್ತು, ಬಳಿಕ ಪಶ್ಚಾತ್ತಾಪಪಟ್ಟು ತಡೆಯಲು ಆಳುಗಳನ್ನು ಅಟ್ಟಿದನಂತೆ. ಲಿಂಗರಾಜ ಉಳಿದ. ಅಪ್ಪಾಜಿಯ ಪಾಲಿಗೆ ಆಳು ತಡವಾಗಿ ತಲುಪಿದ. ಪಿರಿಯಾಪಟ್ಟಣದಿಂದ ಜತೆಯಾಗಿ ಓಡಿಬಂದಿದ್ದವರು ಈ ಇಬ್ಬರೇ.

ತನ್ನ ವಂಶದ ಕಥೆಯನ್ನು ಆತ 'ರಾಜೇಂದ್ರನಾಮೆ' ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಬರೆಸಿದ. ಅದು 1807ರವರೆಗೆ ಬಂದು ನಿಲ್ಲುತ್ತದೆ. 1809ರಲ್ಲಿ ರಾಜ ತೀರಿಕೊಂಡ. ದೇವಮ್ಮಾಜಿ ಪಟ್ಟವೇರಿದರೂ 1811ರಲ್ಲಿ ಚಿಕ್ಕಪ್ಪ ಲಿಂಗರಾಜನೇ ಅರಸನಾದ.

ಕೊಡಗಿನಲ್ಲಿ ಆಯುಧದ ಮಾತು ಅಲ್ಲಿಗೆ ಮುಗಿಯಲಿಲ್ಲ. 1857ರ ದಂಗೆಯ ನಂತರ ಜನರ ಆಯುಧ ಕಸಿಯುವ ಕಾನೂನು ಬಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅದರಿಂದ ವಿನಾಯಿತಿ ನೀಡಿದ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳಿಗೆ ತೋಕ್‌ಪೂ ಏರಿಸಿ ಪೂಜಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ ಇದೆ.

ಮಡಿಕೇರಿಯ ಗದ್ದಿಗೆಯಲ್ಲಿ, ಗುಮ್ಮಟವಿರುವ ನಡುವಿನ ದೊಡ್ಡ ಕಟ್ಟಡದೊಳಗೆ ದೊಡ್ಡವೀರರಾಜೇಂದ್ರ ಮತ್ತು ಮಹದೇವಮ್ಮಾಜಿಯ ಸಮಾಧಿಗಳಿವೆ. ಪಕ್ಕದ ಕಟ್ಟಡ ಲಿಂಗರಾಜನದು. ಅದೇ ಆವರಣದಲ್ಲಿ ಸೇನಾನಿ ಬಿದ್ದಂಡ ಬೋಪು ಮತ್ತು ಆತನ ಮಗ ಸೋಮಯ್ಯನ ಸಮಾಧಿಗಳೂ ಇವೆ.