ಕಿಟ್ಟೆಲ್ ಅವರ ಬದುಕು ಮತ್ತು ಆರ್ಟಿಕಲ್ ಪಾಠ

ಕನ್ನಡ ನಿಘಂಟು ಎಂದೊಡನೆ ನೆನಪಾಗುವ ಹೆಸರು ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಅವರದು. ಇಂಗ್ಲಿಷಿನ ಎ, ಆ್ಯನ್, ದಿ ಎಂಬ ಮೂರು ಪುಟ್ಟ ಪದಗಳ ಪಾಠಕ್ಕೆ ಅವರ ಬದುಕನ್ನು ನಾನು ಜೋಡಿಸಿಕೊಂಡದ್ದಕ್ಕೆ ಕಾರಣವಿದೆ. ಆರ್ಟಿಕಲ್ ಇರುವ ಭಾಷೆಯಲ್ಲಿ ಹುಟ್ಟಿ, ಆರ್ಟಿಕಲ್ ಇಲ್ಲದ ನಮ್ಮ ಭಾಷೆಯನ್ನು ಕಲಿತು, ಅದರ ಪದಗಳಿಗೆ ಮತ್ತೊಂದು ಆರ್ಟಿಕಲ್ ಭಾಷೆಯಾದ ಇಂಗ್ಲಿಷಿನಲ್ಲಿ ಅರ್ಥ ಬರೆದವರು ಅವರು. ನಮ್ಮ ಮಕ್ಕಳು ಇದೇ ದಾರಿಯನ್ನು ಎದುರು ದಿಕ್ಕಿನಿಂದ ನಡೆಯುತ್ತಾರೆ.

ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. ಅವರ ಮಾತೃಭಾಷೆ ಜರ್ಮನ್‌ನಲ್ಲಿ ಪ್ರತಿ ನಾಮಪದಕ್ಕೂ ಲಿಂಗವಿದೆ, ಲಿಂಗಕ್ಕೆ ತಕ್ಕ ಆರ್ಟಿಕಲ್ ಇದೆ. ಅಲ್ಲಿ ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ. ಹುಡುಗಿ ಎಂಬ ಅರ್ಥದ ಪದವೇ ನಪುಂಸಕಲಿಂಗ! ಶಾಲೆಯಲ್ಲೂ ಬಾಸೆಲ್ ಮಿಷನ್ನಿನ ತರಬೇತಿಯಲ್ಲೂ ಅವರು ಲ್ಯಾಟಿನ್, ಗ್ರೀಕ್, ಹೀಬ್ರೂ, ಇಂಗ್ಲಿಷ್ ಕಲಿತರು. ಲ್ಯಾಟಿನ್‌ಗೆ ಆರ್ಟಿಕಲ್ ಇಲ್ಲ. ಹಳೆಯ ಗ್ರೀಕ್‌ನಲ್ಲಿ ದಿ ಎಂಬುದಕ್ಕೆ ಸಮಾನವಾದದ್ದು ಇದೆ, ಎ ಎಂಬುದಕ್ಕೆ ಇಲ್ಲ. ಹಾಗಾಗಿ ಆರ್ಟಿಕಲ್ ಇಲ್ಲದಿರುವುದು ಭಾಷೆಯೊಂದರ ಕೊರತೆಯಲ್ಲ ಎಂಬುದು ಭಾರತಕ್ಕೆ ಬರುವ ಮೊದಲೇ ಅವರ ಕಲಿಕೆಯಲ್ಲಿತ್ತು.

1853ರಲ್ಲಿ ಅವರು ಮಂಗಳೂರಿಗೆ ಬಂದರು. ಮುಂದೆ ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದು ಕೆಲಸ ಮಾಡಿದರು. ಜನರ ಆಡುಮಾತು, ಗಾದೆ, ಹಳೆಯ ಕಾವ್ಯ, ವ್ಯಾಕರಣ ಎಲ್ಲವನ್ನೂ ಕಲಿಯತೊಡಗಿದರು. ಭಾಷೆಯಲ್ಲಿ ಇಷ್ಟು ಮುಳುಗುವುದು ಮಿಷನ್ನಿನ ಹಿರಿಯರೆಲ್ಲರಿಗೂ ಹಿಡಿಸಿರಲಿಲ್ಲ. ಮದುವೆಯಾದ ಕೆಲವೇ ವರ್ಷಗಳಲ್ಲಿ ಪತ್ನಿ ಪಾಲೀನಾ ತೀರಿಕೊಂಡರು. ಆದರೂ ಕೆಲಸ ನಿಲ್ಲಲಿಲ್ಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು. ಪದಗಳನ್ನು ಕೂಡಿಸುವ ಮೊದಲು ನಮ್ಮ ವೈಯಾಕರಣರನ್ನೇ ಗುರುಗಳಾಗಿ ಇಟ್ಟುಕೊಂಡದ್ದು ಗಮನಿಸಬೇಕಾದ ಸಂಗತಿ.

ನಿಘಂಟಿನ ಕೆಲಸ ಎರಡು ದಶಕಗಳಷ್ಟು ಹಿಡಿಯಿತು. ಸ್ಥಳೀಯ ವಿದ್ವಾಂಸರ ನೆರವು ಅವರಿಗಿತ್ತು. ಆರೋಗ್ಯ ಕೆಟ್ಟಿತು, ಕಣ್ಣು ಸೋತಿತು. 1892ರಲ್ಲಿ ಅವರು ಜರ್ಮನಿಗೆ ಮರಳಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಕನ್ನಡ ವ್ಯಾಕರಣವನ್ನು ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗನ್‌ನಲ್ಲಿ ನಿಧನರಾದರು.

ಈಗ ಆರ್ಟಿಕಲ್ ವಿಷಯಕ್ಕೆ ಬರೋಣ. ಅವರ ನಿಘಂಟಿನ ಎಡಗಡೆಯ ಕನ್ನಡ ಪದ ಒಂಟಿಯಾಗಿ ನಿಂತಿರುತ್ತದೆ. ಅದಕ್ಕೆ ಇಂಗ್ಲಿಷ್ ಅರ್ಥ ಕೊಡುವಾಗ ಪ್ರತಿ ಸಲವೂ ತೀರ್ಮಾನ ಮಾಡಬೇಕಾಗುತ್ತದೆ. ಮರ ಎಣಿಕೆಗೆ ಸಿಗುತ್ತದೆ, ಆದ್ದರಿಂದ ಎ ಟ್ರೀ. ಆನೆ ಸ್ವರದಿಂದ ಶುರುವಾಗುವ ಇಂಗ್ಲಿಷ್ ಪದವಾಗುತ್ತದೆ, ಆದ್ದರಿಂದ ಆ್ಯನ್ ಎಲಿಫೆಂಟ್. ನೀರು ಎಣಿಕೆಗೆ ಸಿಗದು, ಬರಿಯ ವಾಟರ್ ಸಾಕು. ನೇಸರು ಒಂದೇ, ಆದ್ದರಿಂದ ದಿ ಸನ್. ಇಂಥ ತೀರ್ಮಾನ ಸಾವಿರಾರು ಸಲ. ಇದು ಆರ್ಟಿಕಲ್ ಕಲಿಸುವ ಪುಸ್ತಕವಲ್ಲ. ಆದರೆ ನಾಲ್ಕು ಕಂಬಸಾಲು ಎಳೆದು ಕನ್ನಡ ಪದಗಳನ್ನು ಹಂಚಿ ಹಾಕಿದರೆ ಒಳ್ಳೆಯ ಬೋಧನೋಪಕರಣವಾಗುತ್ತದೆ.

ವರದಹಳ್ಳಿಗೆ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ಇದನ್ನು ಎಂಟನೇ ತರಗತಿಯಲ್ಲಿ ಮಾಡಿಸಿದೆ. ನಾನು ವಿಜ್ಞಾನದ ವಿದ್ಯಾರ್ಥಿ. ಸೂರ್ಯ ಒಂದು ನಕ್ಷತ್ರ ಎಂಬ ವಾಕ್ಯವನ್ನು ಇಂಗ್ಲಿಷಿಗೆ ತರಲು ಹೇಳಿದೆ. ಸೂರ್ಯನಿಗೆ ದಿ, ನಕ್ಷತ್ರಕ್ಕೆ ಎ. ನಕ್ಷತ್ರಗಳು ಬಹಳ, ಅವುಗಳಲ್ಲಿ ಇದೊಂದು ಎಂದು ಮಕ್ಕಳೇ ಕಾರಣ ಕೊಟ್ಟರು. ಅದೇ ಸಾಲಿನಲ್ಲಿ ಊರಿನ ಹೆಸರುಗಳೂ ಬಂದವು: ವರದಾ, ಶರಾವತಿ ನದಿಗಳಿಗೆ ದಿ ಬೇಕು, ಕೊಡಚಾದ್ರಿ ಒಂದೇ ಬೆಟ್ಟ, ಅದಕ್ಕೆ ಬೇಡ, ಸಾಲು ಬೆಟ್ಟಗಳಾದ ಪಶ್ಚಿಮ ಘಟ್ಟಕ್ಕೆ ಮತ್ತೆ ಬೇಕು.

ಎ ಮತ್ತು ಆ್ಯನ್ ವ್ಯತ್ಯಾಸಕ್ಕೆ ಕನ್ನಡ ಲಿಪಿಯೇ ನೆರವಾಗುತ್ತದೆ. ಇಂಗ್ಲಿಷ್ ಕಾಗುಣಿತ ನೋಡಿದರೆ ಮಗು ದಾರಿ ತಪ್ಪುತ್ತದೆ. ಅವರ್, ಯೂನಿಟ್ ಎಂದು ಕನ್ನಡದಲ್ಲಿ ಬರೆಸಿ. ಮೊದಲನೆಯದು ಅಕಾರದಿಂದ ಶುರು, ಹಾಗಾಗಿ ಆ್ಯನ್. ಎರಡನೆಯದು ಯಕಾರದಿಂದ, ಹಾಗಾಗಿ ಎ. ಸ್ವರ, ವ್ಯಂಜನ ಯಾವುದೆಂದು ಮಕ್ಕಳಿಗೆ ಒಂದನೇ ತರಗತಿಯಿಂದಲೇ ಗೊತ್ತು.

ಇನ್ನೂ ಮುಖ್ಯವಾದ ಮಾತೊಂದಿದೆ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಅದಕ್ಕೇ ನಮ್ಮ ಮಕ್ಕಳಿಗೆ ಬರುವುದಿಲ್ಲ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಪದ ಇಲ್ಲ ನಿಜ, ಭಾವನೆ ಇದೆ. ಕತ್ತಿ ತಗೊಂಡು ಬಾ ಎಂದರೆ ಸಾಮಾನ್ಯವಾಗಿ ಯಾವ ಕತ್ತಿಯಾದರೂ ಆದೀತು. ಕತ್ತಿಯನ್ನು ತಗೊಂಡು ಬಾ ಎಂದರೆ ಇಬ್ಬರಿಗೂ ಗೊತ್ತಿರುವ ಕತ್ತಿ. ವಸ್ತುಗಳ ಮಾತಿನಲ್ಲಿ ಅನ್ನು ಪ್ರತ್ಯಯ ದಿ ಮಾಡುವ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತದೆ. ಪದಗಳ ಕ್ರಮವೂ ಹಾಗೆಯೇ. ತೋಟದಲ್ಲಿ ಮಂಗ ಇದೆ ಎಂದರೆ ಯಾವುದೋ ಒಂದು ಮಂಗ, ಹೊಸ ಸುದ್ದಿ. ಮಂಗ ತೋಟದಲ್ಲಿದೆ ಎಂದರೆ ಮೊದಲೇ ಮಾತಿಗೆ ಬಂದ ಮಂಗ. ಎಂಟನೇ ತರಗತಿಯ ಮಗು ಈ ವ್ಯತ್ಯಾಸವನ್ನು ದಿನವೂ ತಪ್ಪಿಲ್ಲದೆ ಬಳಸುತ್ತದೆ. ಎಲ್ಲ ಕಡೆ ಇದು ಹೊಂದುವುದಿಲ್ಲ. ದಿ ಸನ್ ಎಂಬುದನ್ನು ನಾವು ಆ ಸೂರ್ಯ ಎನ್ನುವುದಿಲ್ಲ. ಆದ್ದರಿಂದ ದಿ ಎಂದರೆ ಆ, ಎ ಎಂದರೆ ಒಂದು ಎಂದು ಬಾಯಿಪಾಠ ಮಾಡಿಸುವುದು ಸಲ್ಲದು. ಕೇಳುವವರಿಗೆ ಇದು ಯಾವುದೆಂದು ಗೊತ್ತಿದೆಯೇ ಎಂಬ ಪ್ರಶ್ನೆಯನ್ನು ಕಲಿಸಬೇಕು.

ಆರ್ಟಿಕಲ್ ಬಿಟ್ಟುಹೋದ ಕಡೆಯೆಲ್ಲ ಕೆಂಪು ಗೆರೆ ಬಿದ್ದ ಉತ್ತರಪತ್ರಿಕೆ ಹಿಡಿದ ಮಗು, ಇಂಗ್ಲಿಷ್ ತನ್ನಂಥವರಿಗಲ್ಲ ಎಂದು ತೀರ್ಮಾನಿಸಿಬಿಡುವ ಅಪಾಯವಿದೆ. ಹಳ್ಳಿಯ ಶಾಲೆಯಲ್ಲಿ ಆ ತೀರ್ಮಾನ ಮುಂದಿನ ಓದನ್ನೇ ಕಡಿದುಹಾಕಬಹುದು. ಕಿಟ್ಟೆಲ್ ಕನ್ನಡವನ್ನು ತಮ್ಮ ಜರ್ಮನ್ ಅಳತೆಗೋಲಿನಿಂದ ಅಳೆದು ಬದಿಗಿಡಲಿಲ್ಲ. ಆ ಭಾಷೆ ಏನು ಮಾಡುತ್ತದೆ ಎಂಬುದನ್ನು ಮೊದಲು ಕೇಳಿದರು. ಪ್ರಶಿಕ್ಷಣಾರ್ಥಿ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ: ಆರ್ಟಿಕಲ್ ಪಾಠಯೋಜನೆಯ ಪೂರ್ವಜ್ಞಾನದ ಕಾಲಂನಲ್ಲಿ ನಾಮಪದ ಗೊತ್ತಿದೆ ಎಂದಷ್ಟೇ ಬರೆದು ಮುಗಿಸಬೇಡಿ. ಅನ್ನು ಪ್ರತ್ಯಯವನ್ನು ಎಲ್ಲಿ ಹಚ್ಚಬೇಕು, ಎಲ್ಲಿ ಬಿಡಬೇಕು ಎಂಬುದು ವಿದ್ಯಾರ್ಥಿಗಳಿಗೆ ಗೊತ್ತಿದೆ ಎಂದೂ ಬರೆಯಿರಿ. ಪಾಠ ಅಲ್ಲಿಂದ ಶುರುವಾಗಲಿ.