ನೆಲ ನಡುಗುವ ಊರಿಗೆ ಹೋದ ಮೇಷ್ಟ್ರು

ನಮ್ಮಲ್ಲಿ ಬಹಳ ಜನಕ್ಕೆ ಜಾನ್ ಮಿಲ್ನ್ ಅನ್ನೋ ಹೆಸರು ಗೊತ್ತಿರೋದು ಒಂದೇ ಸಾಲಿನಲ್ಲಿ. ಆಧುನಿಕ ಸೈಸ್ಮೋಗ್ರಾಫ್ ಕಂಡುಹಿಡಿದವರು ಅಂತ ಯಾವುದೋ ಕ್ವಿಜ್‌ನಲ್ಲೋ ಎಂಟ್ರೆನ್ಸ್ ಪುಸ್ತಕದಲ್ಲೋ ಓದಿರ್ತೀವಿ, ಅಲ್ಲಿಗೆ ಮುಗೀತು. ಆ ಸಾಲು ಪೂರ್ತಿ ಸರಿಯೂ ಅಲ್ಲ, ಅದನ್ನು ಆಮೇಲೆ ನೋಡೋಣ. ಅದಕ್ಕಿಂತ ದೊಡ್ಡ ವಿಷಯ ಅಂದ್ರೆ ಆತ ನಮ್ಮ ಹಾಗೇ ಒಂದು ಎಂಜಿನಿಯರಿಂಗ್ ಕಾಲೇಜಿನ ಕಾರಿಡಾರ್‌ನಲ್ಲಿ ಓಡಾಡಿಕೊಂಡಿದ್ದ ಮೇಷ್ಟ್ರು. ಪಾಠ ಮಾಡೋಕೆ ಅಂತ ಪರದೇಶಕ್ಕೆ ಹೋದವರು, ಹೆಚ್ಚುಕಮ್ಮಿ 20 ವರ್ಷ ಅಲ್ಲೇ ಇದ್ದು ತಮ್ಮ ಊರಿಗೆ ವಾಪಸ್ ಬಂದವರು. ಹೋದಾಗ ಅವರಿಗೆ ಭೂಕಂಪದ ಬಗ್ಗೆ ಹೆಚ್ಚೇನೂ ಗೊತ್ತಿರಲಿಲ್ಲ.

ಮಿಲ್ನ್ ಹುಟ್ಟಿದ್ದು 1850ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಓದಿ, ಆಮೇಲೆ ರಾಯಲ್ ಸ್ಕೂಲ್ ಆಫ್ ಮೈನ್ಸ್‌ನಲ್ಲಿ ಗಣಿ ವಿಷಯ ಕಲಿತರು. ಒಂದು ಕಡೆ ಕೂತಿರೋ ಜೀವ ಅಲ್ಲ ಅದು. ಹುಡುಗನಾಗಿದ್ದಾಗಲೇ ಐಸ್‌ಲ್ಯಾಂಡಿನ ಹಿಮರಾಶಿ ನೋಡಿಕೊಂಡು ಬಂದಿದ್ದರು. ಆಮೇಲೆ ಖನಿಜ ಹುಡುಕಿಕೊಂಡು ನ್ಯೂಫೌಂಡ್‌ಲ್ಯಾಂಡ್, ಭೂವಿಜ್ಞಾನಿಯಾಗಿ ಸಿನಾಯ್ ಮರುಭೂಮಿ ಎಲ್ಲ ಆಯ್ತು. 25ರ ಆಸುಪಾಸಿನಲ್ಲಿ ಕೆಲಸದ ಕರೆ ಬಂತು: ಜಪಾನಿನ ಟೋಕಿಯೋದಲ್ಲಿ ಹೊಸದಾಗಿ ಶುರುವಾಗಿರುವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿಗಾರಿಕೆ ಮತ್ತು ಭೂವಿಜ್ಞಾನದ ಪ್ರೊಫೆಸರ್ ಹುದ್ದೆ.

ಆ ಕಾಲೇಜಿನ ಬಗ್ಗೆ ಎರಡು ಮಾತು ಹೇಳಬೇಕು. ಮೇಜಿ ಕಾಲದ ಜಪಾನ್ ಸರ್ಕಾರ ರೈಲು, ಟೆಲಿಗ್ರಾಫ್, ಗಣಿ, ಹಡಗು ಎಲ್ಲವನ್ನೂ ಒಂದೇ ಉಸಿರಿಗೆ ಕಲಿತುಬಿಡಬೇಕು ಅಂತ ಹೊರಟಿತ್ತು. ಅದಕ್ಕಾಗಿ ಪಶ್ಚಿಮದಿಂದ ನೂರಾರು ಜನರನ್ನು ಒಳ್ಳೆ ಸಂಬಳ ಕೊಟ್ಟು ಕರೆಸಿಕೊಂಡಿತು. ತಮ್ಮ ಹುಡುಗರು ತಯಾರಾಗುವ ತನಕ ಇವರು, ಆಮೇಲೆ ಇವರಿಗೆ ನಮಸ್ಕಾರ, ಇದು ಮೊದಲಿಂದಲೂ ಇದ್ದ ಲೆಕ್ಕಾಚಾರ. ಕಾಲೇಜಿನ ಪ್ರಿನ್ಸಿಪಾಲ್ ಹೆನ್ರಿ ಡಯರ್ ಎಂಬ ಸ್ಕಾಟ್‌ಲ್ಯಾಂಡಿನವರು. 1873ರಲ್ಲಿ ಅಧಿಕಾರ ವಹಿಸಿಕೊಂಡಾಗ ಅವರಿಗೆ ಇನ್ನೂ 25ರ ಆಸುಪಾಸು. ಕೋರ್ಸ್ ಆರು ವರ್ಷದ್ದು. ಮೊದಲ ಎರಡು ವರ್ಷ ಸಾಮಾನ್ಯ ವಿಷಯ, ನಡುವಿನ ಎರಡು ವರ್ಷ ಬ್ರಾಂಚಿನ ಪಾಠ, ಕೊನೆಯ ಎರಡು ವರ್ಷ ಪೂರ್ತಿ ಕೈಕೆಲಸ. ಇಂಟರ್ನ್‌ಶಿಪ್ ಸರ್ಟಿಫಿಕೇಟಿಗಾಗಿ ಪರದಾಡೋ ನಮಗೆ ಅದನ್ನು ಓದಿದರೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತೆ.

ಮಿಲ್ನ್ ಅಲ್ಲಿಗೆ ಹೋದ ದಾರಿ ಅವರ ಸ್ವಭಾವಕ್ಕೆ ತಕ್ಕ ಹಾಗಿತ್ತು. ಎಲ್ಲರೂ ಹಡಗು ಹತ್ತುತ್ತಿದ್ದರು. ಮಿಲ್ನ್‌ಗೆ ಸಮುದ್ರಯಾನ ಅಂದ್ರೆ ಹೊಟ್ಟೆ ತೊಳಸುತ್ತಿತ್ತು, ಜೊತೆಗೆ ದಾರಿಯುದ್ದಕ್ಕೂ ಕಲ್ಲು ಮಣ್ಣು ನೋಡುವ ಆಸೆ ಬೇರೆ. 1875ರ ಆಗಸ್ಟ್‌ನಲ್ಲಿ ಹೊರಟು ಸ್ವೀಡನ್, ರಷ್ಯಾ ದಾಟಿ ಸೈಬೀರಿಯಾಕ್ಕೆ ಇಳಿದರು. ಟ್ರಾನ್ಸ್-ಸೈಬೀರಿಯನ್ ರೈಲಿನ ಕೆಲಸ ಶುರುವಾಗೋಕೆ ಇನ್ನೂ 16 ವರ್ಷ ಇತ್ತು. ಹಾಗಾಗಿ ಕುದುರೆ ಗಾಡಿ, ಹಿಮ ಬಿದ್ದಮೇಲೆ ಜಾರುಬಂಡಿ, ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ ಚಳಿಗಾಲದ ನಡುವೆ ಒಂಟೆಗಳು. ಬೀಜಿಂಗ್ ಸೇರಿ, ಶಾಂಘೈಗೆ ಬಂದು, ಅಲ್ಲಿಂದ ಮಾತ್ರ ಬೇರೆ ದಾರಿ ಇಲ್ಲದೆ ಹಡಗು ಹತ್ತಿದರು. ಟೋಕಿಯೋ ತಲುಪಿದಾಗ 1876ರ ಮಾರ್ಚ್. ಏಳು ತಿಂಗಳ ಪ್ರಯಾಣ. ಬಂದ ಮೊದಲ ರಾತ್ರಿಯೇ ನೆಲ ನಡುಗಿತಂತೆ.

ಮಿಲ್ನ್ ಮಾಡಬೇಕಿದ್ದದ್ದು ಗಣಿ ಪಾಠ. ಅದನ್ನು ಮಾಡಿದರು ಕೂಡ. ಜೊತೆಗೆ ಜ್ವಾಲಾಮುಖಿ ಹತ್ತಿದರು, ಹಳೆಯ ಕಾಲದ ಕಪ್ಪೆಚಿಪ್ಪಿನ ರಾಶಿಗಳನ್ನು ಅಗೆದರು, ಉತ್ತರದ ಐನು ಜನರ ಬಗ್ಗೆ ಬರೆದರು. ಆದರೆ ವರ್ಷಕ್ಕೆ ಎಷ್ಟೋ ಸಲ ಮೇಜಿನ ಮೇಲಿನ ಲೋಟ ತಾನಾಗಿ ಅಲ್ಲಾಡುವ ಊರಲ್ಲಿ ಇದ್ದುಕೊಂಡು, ಇದ್ಯಾಕೆ ಅಂತ ಕೇಳದೇ ಇರೋದು ಅವರಿಂದ ಆಗಲಿಲ್ಲ. 1880ರ ಫೆಬ್ರವರಿ 22ರಂದು ಯೋಕೊಹಾಮಾದಲ್ಲಿ ದೊಡ್ಡದೊಂದು ಕಂಪನ ಆಯಿತು. ಚಿಮಣಿಗಳು ಉರುಳಿದವು, ಸ್ಮಶಾನದ ಕಲ್ಲುಗಳು ನಿಂತಲ್ಲೇ ತಿರುಗಿದವು. ಅದಾದ ಕೆಲವೇ ವಾರಗಳಲ್ಲಿ ಮಿಲ್ನ್ ಮತ್ತು ಗೆಳೆಯರು ಸೇರಿ ಜಪಾನ್ ಭೂಕಂಪ ವಿಜ್ಞಾನ ಸಂಘ ಕಟ್ಟಿದರು. ಬರೀ ಭೂಕಂಪಕ್ಕೇ ಮೀಸಲಾದ ಇಂಥ ಸಂಘ ಜಗತ್ತಿನಲ್ಲೇ ಮೊದಲನೆಯದು.

ಈಗ ಯಂತ್ರದ ವಿಷಯಕ್ಕೆ ಬರೋಣ, ಯಾಕಂದ್ರೆ ಇಲ್ಲಿರೋ ಸಮಸ್ಯೆ ತುಂಬಾ ಚೆನ್ನಾಗಿದೆ. ನೆಲ ಎಷ್ಟು ಅಲ್ಲಾಡಿತು ಅಂತ ಅಳೆಯಬೇಕು. ಅಳೆಯೋ ಸ್ಕೇಲು, ಅದನ್ನಿಟ್ಟ ಮೇಜು, ಮೇಜಿರುವ ಕಟ್ಟಡ, ನೋಡ್ತಾ ನಿಂತ ನಾವು, ಎಲ್ಲರೂ ನೆಲದ ಜೊತೆಗೇ ಅಲ್ಲಾಡ್ತಿದ್ದೀವಿ. ಅಲ್ಲಾಡದೇ ನಿಂತಿರೋ ಒಂದು ಬಿಂದು ಎಲ್ಲಿಂದ ತರೋದು? ತೂಗುಹಾಕಿದ ಭಾರವಾದ ಗುಂಡು ಜಡತ್ವದಿಂದ ಸ್ವಲ್ಪ ಹೊತ್ತು ಇದ್ದಲ್ಲೇ ಇರುತ್ತೆ, ಸರಿ. ಆದರೆ ಸಾಮಾನ್ಯ ಲೋಲಕ ನಿಧಾನದ ಅಲೆಗಳಿಗೆ ನೆಲದ ಜೊತೆಗೇ ತೂಗಿಬಿಡುತ್ತೆ. ಅದಾಗಬಾರದು ಅಂದ್ರೆ ಟೈಮ್ ಪೀರಿಯಡ್ ಉದ್ದ ಇರಬೇಕು. 15 ಸೆಕೆಂಡ್ ಬೇಕು ಅಂತಿಟ್ಕೊಳ್ಳಿ, ಸೂತ್ರಕ್ಕೆ ಹಾಕಿ ನೋಡಿ: ದಾರದ ಉದ್ದ ಸುಮಾರು 56 ಮೀಟರ್ ಬರುತ್ತೆ. ಅಷ್ಟು ಎತ್ತರದ ಲ್ಯಾಬ್ ಯಾರು ಕೊಡ್ತಾರೆ?

ಇದಕ್ಕೆ ಉತ್ತರ ನಮ್ಮ ಕಾಂಪೌಂಡ್ ಗೇಟಿನಲ್ಲಿದೆ. ಗೇಟಿನ ಕಂಬ ಸರಿಯಾಗಿ ಲಂಬವಾಗಿದ್ದರೆ ಗೇಟು ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತೆ. ಕಂಬ ಒಂಚೂರು ವಾಲಿದ್ದರೆ ಗೇಟು ನಿಧಾನಕ್ಕೆ, ಬಹಳ ನಿಧಾನಕ್ಕೆ, ತನ್ನ ಜಾಗಕ್ಕೆ ತೂಗಿಕೊಂಡು ಬರುತ್ತೆ. ವಾಲಿದ್ದು ಕಮ್ಮಿ ಆದಷ್ಟೂ ತೂಗುವ ಸಮಯ ಜಾಸ್ತಿ. ಇದೇ ಅಡ್ಡ ಲೋಲಕ. ಒಂದು ಮೀಟರಿನಷ್ಟು ಉದ್ದದ ಕೋಲಿನಲ್ಲಿ ಐವತ್ತಾರು ಮೀಟರಿನ ಕೆಲಸ ಆಗುತ್ತೆ.

ಇದನ್ನು ಮಿಲ್ನ್ ಒಬ್ಬರೇ ಮಾಡಿದರು ಅನ್ನೋದು ತಪ್ಪು. ಟೋಕಿಯೋ ವಿಶ್ವವಿದ್ಯಾಲಯದಲ್ಲಿದ್ದ ಜೇಮ್ಸ್ ಆಲ್ಫ್ರೆಡ್ ಯೂಯಿಂಗ್, ಮಿಲ್ನ್ ಸಹೋದ್ಯೋಗಿ ಥಾಮಸ್ ಗ್ರೇ, ಇಬ್ಬರದ್ದೂ ಇದರಲ್ಲಿ ಸಮ ಪಾಲಿದೆ. ಯಾರದ್ದು ಮೊದಲು ಅಂತ ಅವರವರ ನಡುವೆಯೇ ಕಿತ್ತಾಟ ನಡೆದಿತ್ತು. ಯೂಯಿಂಗ್ 1883ರಲ್ಲೇ ಊರಿಗೆ ಹೋದರು, ಬೇರೆ ವಿಷಯ ಹಿಡಿದರು. ಮಿಲ್ನ್ ಅಲ್ಲೇ ಉಳಿದರು, ಹಿಡಿದದ್ದನ್ನು ಬಿಡಲಿಲ್ಲ. ಕೊನೆಗೆ ಹೆಸರು ಅವರಿಗೇ ಅಂಟಿಕೊಂಡಿತು.

ನನಗೆ ಯಂತ್ರಕ್ಕಿಂತ ಇಷ್ಟವಾದದ್ದು ಅವರ ಪೋಸ್ಟ್‌ಕಾರ್ಡ್ ಕೆಲಸ. ಟೋಕಿಯೋದ ಸುತ್ತ ನೂರು ಮೈಲಿಯೊಳಗಿನ ಊರುಗಳ ಕಚೇರಿಗಳಿಗೆ ಕಾರ್ಡಿನ ಕಟ್ಟು ಕಳಿಸಿದರು. ವಾರಕ್ಕೊಂದು ಕಾರ್ಡ್ ವಾಪಸ್ ಹಾಕಿ, ಈ ವಾರ ಯಾವಾಗ ನಡುಗಿತು, ಎಷ್ಟು ನಡುಗಿತು ಬರೆಯಿರಿ ಅಂತ. ಹೀಗೆ ಬಂದ ಉತ್ತರಗಳನ್ನು ನಕ್ಷೆಯ ಮೇಲೆ ಇಟ್ಟು ನೋಡಿದರೆ, ಹೆಚ್ಚಿನ ಕಂಪನಗಳು ಬರುತ್ತಿದ್ದದ್ದು ಪೂರ್ವದ ಕರಾವಳಿಯ ಕಡೆಯಿಂದ ಅಂತ ಗೊತ್ತಾಯಿತು. ಇವತ್ತು ಫೋನಿನಲ್ಲಿ ನಿಮಗೆ ಕಂಪನ ತಿಳೀತಾ ಅಂತ ಕೇಳಿ ಡೇಟಾ ತಗೊಳ್ತಾರಲ್ಲ, ಅದೇ ಉಪಾಯ, ನಾಲ್ಕಾಣೆ ಖರ್ಚಿನಲ್ಲಿ.

ಭೂಕಂಪ ಬರೋ ತನಕ ಕಾಯೋಕೂ ಅವರಿಗೆ ತಾಳ್ಮೆ ಇರಲಿಲ್ಲ. ಭಾರಿ ಕಬ್ಬಿಣದ ಗುಂಡನ್ನು ಎತ್ತರದಿಂದ ಕೆಡವಿ, ನೆಲದಲ್ಲಿ ಡೈನಮೈಟ್ ಹೂತು ಸಿಡಿಸಿ, ಅಲೆ ಎಷ್ಟು ವೇಗದಲ್ಲಿ ಹೋಗುತ್ತೆ ಅಂತ ಅಳೆದರು. ಕಾಲೇಜಿನ ಆವರಣದಲ್ಲೇ ಒಂದು ಮರದ ಮನೆ ಕಟ್ಟಿಸಿ ಅದರ ಕಂಬಗಳ ಬುಡಕ್ಕೆ ಕಬ್ಬಿಣದ ದೊಡ್ಡ ಗುಂಡುಗಳನ್ನಿಟ್ಟರು. ನೆಲ ಸರಿದರೂ ಮನೆ ಸರಿಯಬಾರದು ಅನ್ನೋ ಲೆಕ್ಕ. ಭೂಕಂಪಕ್ಕೇನೋ ಅದು ಸುಮಾರಾಗಿ ತಡೀತು, ಆದರೆ ಜೋರು ಗಾಳಿ ಬಂದರೆ ಮನೆಯೇ ಓಲಾಡೋದು! ಗುಂಡಿನ ಗಾತ್ರ ಇಳಿಸುತ್ತಾ ಇಳಿಸುತ್ತಾ ಕೊನೆಗೆ ಕಾಲು ಅಂಗುಲದ ಗುಂಡುಗಳಿಗೆ ಬಂದು ನಿಂತರು, ಉರುಳುವ ಘರ್ಷಣೆ ಜಾಸ್ತಿಯಾಗಿ ಗಾಳಿಗೆ ಮನೆ ನಿಂತಿತು. ಸಿವಿಲ್‌ನವರು ಬೇಸ್ ಐಸೊಲೇಶನ್ ಅಂತ ಈಗ ಓದೋದರ ಅಜ್ಜ ಇದು.

1881ರಲ್ಲಿ ಮಿಲ್ನ್ ಹೊರಿಕಾವಾ ಟೋನೆ ಅವರನ್ನು ಮದುವೆಯಾದರು. ಟೋನೆ ಉತ್ತರದ ಹಾಕೊದಾಟೆ ಊರಿನವರು, ಅಲ್ಲಿನ ಬೌದ್ಧ ದೇವಾಲಯವೊಂದರ ಮುಖ್ಯ ಗುರುವಿನ ಮಗಳು. ಆ ಕಾಲಕ್ಕೆ ಎರಡೂ ಕಡೆಯವರಿಗೆ ನುಂಗಲಾರದ ಸಂಬಂಧ ಅದು. ಜಪಾನಿನಲ್ಲಿ ಮನೆ ಮಾಡಿದ ಪರದೇಶಿ ಮೇಷ್ಟ್ರುಗಳಲ್ಲಿ ಬಹಳ ಜನ ಊರಿಗೆ ಹೊರಡುವಾಗ ಮನೆಯವರನ್ನು ಅಲ್ಲೇ ಬಿಟ್ಟು ಹೊರಟರು. ಮಿಲ್ನ್ ಹಾಗೆ ಮಾಡಲಿಲ್ಲ.

ಹೊರಡುವ ಕಾಲ ಹತ್ತಿರ ಬರುತ್ತಿತ್ತು. 1886ರಲ್ಲಿ ಕಾಲೇಜು ಇಂಪೀರಿಯಲ್ ವಿಶ್ವವಿದ್ಯಾಲಯದೊಳಗೆ ಸೇರಿಹೋಯಿತು. ಜಪಾನಿ ಪ್ರೊಫೆಸರ್‌ಗಳು ಒಬ್ಬೊಬ್ಬರಾಗಿ ಪರದೇಶಿಗಳ ಕುರ್ಚಿಗೆ ಬಂದರು. 1891ರ ಅಕ್ಟೋಬರ್ 28ರಂದು ಮಿನೊ ಮತ್ತು ಒವಾರಿ ಪ್ರಾಂತ್ಯಗಳಲ್ಲಿ ಆದ ಭೂಕಂಪದಲ್ಲಿ 7,000ಕ್ಕೂ ಹೆಚ್ಚು ಜನ ಸತ್ತರು. ಭಾರದ ಚಾವಣಿಯ ಹಳೆ ಮನೆಗಳು ಬಿದ್ದವು ನಿಜ. ಆದರೆ ಪಶ್ಚಿಮದ ಪಾಠದ ಪ್ರಕಾರ ಕಟ್ಟಿದ ಇಟ್ಟಿಗೆಯ ಮಿಲ್ಲುಗಳು, ನಾಗಾರಾ ನದಿಯ ಕಬ್ಬಿಣದ ರೈಲು ಸೇತುವೆ, ಇವೂ ಬಿದ್ದವು. ಮಿಲ್ನ್ ಮತ್ತು ಅವರ ಗೆಳೆಯ ಬರ್ಟನ್ ಅಲ್ಲಿಗೆ ಹೋಗಿ ಫೋಟೋಗಳ ಸಮೇತ ಒಂದು ದೊಡ್ಡ ಪುಸ್ತಕ ಮಾಡಿದರು. ಆ ಚಿತ್ರಗಳನ್ನು ನೋಡಿದರೆ ಮನಸ್ಸಿಗೆ ಬರೋದು ಒಂದೇ: ಕಲಿಸಲು ಬಂದವರ ಪಾಠವೇ ಅಲ್ಲಿ ಪರೀಕ್ಷೆಗೆ ಕೂತು ಫೇಲ್ ಆಗಿತ್ತು. ಅದನ್ನು ಮುಚ್ಚಿಡದೆ ಜಗತ್ತಿಗೆ ತೋರಿಸಿದ್ದು ಮಿಲ್ನ್ ಅವರ ದೊಡ್ಡತನ ಅಂತ ನನಗನಿಸುತ್ತೆ. ಮರುವರ್ಷ ಸರ್ಕಾರ ಭೂಕಂಪ ತನಿಖಾ ಸಮಿತಿ ಮಾಡಿದಾಗ ಅದರಲ್ಲಿದ್ದ ಒಬ್ಬರೇ ಪರದೇಶಿ ಇವರು. ಇವರ ಶಿಷ್ಯ ಒಮೋರಿ ಫುಸಾಕಿಚಿ ಮುಂದೆ ಆ ವಿಷಯದ ದೊಡ್ಡ ಹೆಸರಾದರು.

1895ರ ಫೆಬ್ರವರಿ 17. ಟೋಕಿಯೋದಲ್ಲಿ ಮಿಲ್ನ್ ಮನೆಗೆ ಬೆಂಕಿ ಬಿತ್ತು. ಮನೆ, ಪಕ್ಕದ ವೀಕ್ಷಣಾಲಯ, ಯಂತ್ರಗಳು, ಪುಸ್ತಕಗಳು, ವರ್ಷಗಟ್ಟಲೆ ಕೂಡಿಟ್ಟ ದಾಖಲೆ ಎಲ್ಲ ಸುಟ್ಟುಹೋಯಿತು. ಹಾರ್ಡ್ ಡಿಸ್ಕ್ ಕೆಟ್ಟು ಪ್ರಾಜೆಕ್ಟ್ ರಿಪೋರ್ಟ್ ಹೋದಾಗ ಆಗೋ ಸಂಕಟ ನಮಗೆ ಗೊತ್ತು, ಇದು 19 ವರ್ಷದ್ದು. ಮೈಮೇಲೆ ಇದ್ದ ಬಟ್ಟೆ ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ. ಅದೇ ವರ್ಷ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಚಕ್ರವರ್ತಿ ಕರೆಸಿ ಭೇಟಿ ಕೊಟ್ಟರು, ಪದಕವೂ ಪಿಂಚಣಿಯೂ ಸಿಕ್ಕಿತು. ಟೋನೆ ಜೊತೆಗೆ ಹಡಗು ಹತ್ತಿದರು. ಹಿರೋಟಾ ಎಂಬ ಜಪಾನಿ ಸಹಾಯಕರೂ ಅವರ ಜೊತೆ ಕೆಲಸಕ್ಕೆ ಇಂಗ್ಲೆಂಡಿಗೆ ಬಂದರು.

44 ದಾಟಿದ ಮನುಷ್ಯ, ಇಪ್ಪತ್ತು ವರ್ಷದ ಕೆಲಸ ಬೂದಿ, ಬಂದು ಸೇರಿದ್ದು ದೊಡ್ಡ ಭೂಕಂಪ ಆಗದ ದೇಶ. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ 1883ರಷ್ಟು ಹಿಂದೆಯೇ ಮಿಲ್ನ್ ಒಂದು ಮಾತು ಬರೆದಿದ್ದರು. ದೊಡ್ಡ ಭೂಕಂಪ ಎಲ್ಲೇ ಆಗಲಿ, ತಕ್ಕ ಯಂತ್ರ ಇದ್ದರೆ ಭೂಮಿಯ ಯಾವ ಮೂಲೆಯಲ್ಲಾದರೂ ಅದನ್ನು ಹಿಡಿಯಬಹುದು ಅಂತ. 1889ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ ಫಾನ್ ರೆಬಾಯರ್-ಪಾಶ್ವಿಟ್ಸ್ ಎಂಬ ಯುವ ವಿಜ್ಞಾನಿಯ ಯಂತ್ರ ಜಪಾನಿನ ಭೂಕಂಪವೊಂದನ್ನು ಬರೆದುಕೊಂಡು ಅದು ನಿಜವೆಂದು ತೋರಿಸಿತ್ತು. ಹಾಗಾದರೆ ಭೂಕಂಪ ಅಳೆಯೋಕೆ ಅದು ಆಗುವ ಊರಿನಲ್ಲೇ ಇರಬೇಕಿಲ್ಲ. ನಡುಗದ ಊರೇ ಒಳ್ಳೆಯದು!

ಇಂಗ್ಲೆಂಡಿನ ದಕ್ಷಿಣಕ್ಕಿರುವ ಐಲ್ ಆಫ್ ವೈಟ್ ದ್ವೀಪದಲ್ಲಿ, ಶೈಡ್ ಅನ್ನೋ ಪುಟ್ಟ ಊರಿನಲ್ಲಿ ಮನೆ ಮಾಡಿದರು. ಹಳೆಯ ಕುದುರೆ ಲಾಯದಲ್ಲಿ ಯಂತ್ರ ಕೂತಿತು. ಅಲ್ಲಿಂದ ಜಗತ್ತಿನ ಮೂಲೆಮೂಲೆಗೆ ಒಂದೇ ಮಾದರಿಯ ಯಂತ್ರ ಕಳಿಸಿ, ಎಲ್ಲ ಕಡೆಯಿಂದ ದಾಖಲೆ ತರಿಸಿಕೊಂಡು, ಒಟ್ಟು ಸೇರಿಸಿ ಅಚ್ಚುಹಾಕಿ ಹಂಚಿದರು. ಪೋಸ್ಟ್‌ಕಾರ್ಡಿನ ಅದೇ ಉಪಾಯ, ಈ ಸಲ ಭೂಗೋಳದ ಅಳತೆಯಲ್ಲಿ. ಹೀಗೆ ಸುಮಾರು 40 ಕೇಂದ್ರಗಳು ಆದವು. ಕ್ಯಾಪ್ಟನ್ ಸ್ಕಾಟ್ ಅವರ ಡಿಸ್ಕವರಿ ಹಡಗು ಒಂದನ್ನು ಅಂಟಾರ್ಕ್ಟಿಕಾಕ್ಕೂ ಹೊತ್ತುಕೊಂಡು ಹೋಯಿತು. ನಮ್ಮ ದೇಶದಲ್ಲಿ ಮುಂಬಯಿಯ ಕೊಲಾಬಾ, ಕಲ್ಕತ್ತೆಯ ಅಲಿಪುರ, ತಮಿಳುನಾಡಿನ ಕೊಡೈಕೆನಾಲ್‌ಗೆ ಮಿಲ್ನ್ ಯಂತ್ರಗಳು ಬಂದವು. ಆ ಕೊಡೈಕೆನಾಲ್ ವೀಕ್ಷಣಾಲಯವನ್ನು ಈಗ ನೋಡಿಕೊಳ್ಳುತ್ತಿರೋದು ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. 1897ರ ಜೂನ್ 12ರಂದು ಅಸ್ಸಾಂನಲ್ಲಿ ಆದ ಮಹಾಭೂಕಂಪವನ್ನು ಯೂರೋಪಿನ ಯಂತ್ರಗಳು ಹಿಡಿದವು. ಅಂಥ ದಾಖಲೆಗಳನ್ನು ಮುಂದಿಟ್ಟುಕೊಂಡೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಓಲ್ಡ್‌ಹ್ಯಾಮ್ ಅವರು, ನಾವು ಪಿ ಮತ್ತು ಎಸ್ ಅಂತ ಕಲಿಯೋ ಅಲೆಗಳನ್ನು ಬೇರೆಬೇರೆಯಾಗಿ ಗುರುತಿಸಿದ್ದು.

ಮಿಲ್ನ್ 1913ರ ಜುಲೈ 31ರಂದು ಶೈಡ್‌ನಲ್ಲೇ ತೀರಿಕೊಂಡರು, ಮೂತ್ರಪಿಂಡದ ಕಾಯಿಲೆಯಿಂದ. ಮಕ್ಕಳಿರಲಿಲ್ಲ. ಊರು ಬಿಟ್ಟು 18 ವರ್ಷ ಆಗಿದ್ದ ಟೋನೆ ಒಬ್ಬರೇ ಆ ದ್ವೀಪದಲ್ಲಿ ಉಳಿದರು. ಮರುವರ್ಷ ಯುದ್ಧ ಶುರುವಾಯಿತು. ಯುದ್ಧ ಮುಗಿದ ಮೇಲೆ ಅವರು ಹಡಗು ಹತ್ತಿ ಹಾಕೊದಾಟೆಗೆ ವಾಪಸ್ ಹೋದರು, ಕೊನೆಯ ದಿನಗಳನ್ನು ಅಲ್ಲಿಯೇ ಕಳೆದರು.